ಗ್ರೇಂಜ್: ಆದೇಶ ಮೀರಿ ಉಳಿದ ಶಿರಾಜ್

1957ರಲ್ಲಿ ದ್ರಾಕ್ಷಿ ಕೊಯ್ಲಿಗೆ ಮುನ್ನ ಆಸ್ಟ್ರೇಲಿಯದ ಪೆನ್‌ಫೋಲ್ಡ್ಸ್ ವೈನ್ ಕಂಪನಿಯ ಸಿಡ್ನಿಯ ಮುಖ್ಯ ಕಚೇರಿಯಿಂದ ಅಡಿಲೇಡಿನ ಅಂಚಿನ ಮಗಿಲ್‌ನ ವೈನ್ ಘಟಕಕ್ಕೆ ಒಂದು ಆದೇಶ ಬಂತು. ಕಂಪನಿಯ ಮುಖ್ಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್ 1951ರಿಂದ ಮಾಡುತ್ತಿದ್ದ ‘ಗ್ರೇಂಜ್’ ಎಂಬ ಕೆಂಪು ವೈನನ್ನು ಕೂಡಲೇ ನಿಲ್ಲಿಸಬೇಕು ಎಂದಿತ್ತು ಅದರಲ್ಲಿ. ಅದನ್ನು ಸವಿದ ಕಂಪನಿಯ ಹಿರಿಯರಿಗೂ ಪರಿಣತರಿಗೂ ಅದು ಹಿಡಿಸಿರಲಿಲ್ಲ. ಜಜ್ಜಿದ ಇರುವೆಗಳ ರುಚಿಯೇ ಮುಂದಾಗಿದೆ ಎಂದವರೂ ಇದ್ದರು. ಶೂಬರ್ಟ್ ನಿಲ್ಲಿಸಲಿಲ್ಲ. 1957, 58, 59ರ ಮೂರು ಫಸಲನ್ನೂ ಗುಟ್ಟಾಗಿಯೇ ವೈನ್ ಮಾಡಿ ಮಗಿಲ್‌ನ ನೆಲಮಾಳಿಗೆಯಲ್ಲಿ ಇಟ್ಟರು. ಹೊಸ ಓಕ್ ಪೀಪಾಯಿಗೆ ಹಣ ಕೇಳುವಂತಿರಲಿಲ್ಲವಾದ್ದರಿಂದ ಹಳೆಯವುಗಳಲ್ಲೇ ಕೆಲಸ ಸಾಗಿತು. ಮಾಲೀಕರ ಮನೆತನದವರೇ ಆದ ಜೆಫ್ರಿ ಪೆನ್‌ಫೋಲ್ಡ್ ಹೈಲ್ಯಾಂಡ್ ಶೂಬರ್ಟ್ ಬೆನ್ನಿಗೆ ನಿಂತಿದ್ದರು.

ಕೆಲವು ವರ್ಷ ಕಳೆದ ಮೇಲೆ ಮೊದಲ ಫಸಲುಗಳ ಶೀಶೆಗಳನ್ನು ಮತ್ತೆ ತೆರೆದಾಗ ಒಗರು ಇಳಿದು ವೈನ್ ಹದಕ್ಕೆ ಬಂದಿತ್ತು. 1960ರಲ್ಲಿ ಆದೇಶ ರದ್ದಾಯಿತು. 1962ರಲ್ಲಿ ಸಿಡ್ನಿಯ ವೈನ್ ಪ್ರದರ್ಶನದಲ್ಲಿ 1955ರ ಗ್ರೇಂಜ್ ಚಿನ್ನದ ಪದಕ ಗೆದ್ದಿತು.

ಗ್ರೇಂಜ್ ಶುರುವಾದ ಕಾಲಕ್ಕೆ ಆಸ್ಟ್ರೇಲಿಯದಲ್ಲಿ ಜನ ಹೆಚ್ಚಾಗಿ ಕುಡಿಯುತ್ತಿದ್ದದ್ದು ಪೋರ್ಟ್, ಶೆರಿಯಂಥ ಸಿಹಿಯಾದ, ಮದ್ಯಸಾರ ಬೆರೆಸಿದ ವೈನುಗಳನ್ನು. ಶೆರಿ ಮಾಡುವ ಬಗೆಯನ್ನು ತಿಳಿಯಲೆಂದೇ 1950ರಲ್ಲಿ ಶೂಬರ್ಟ್ ಸ್ಪೇನಿಗೆ ಹೋಗಿದ್ದು. ಅದೇ ಪ್ರವಾಸದಲ್ಲಿ ಫ್ರಾನ್ಸಿನ ಬೋರ್ಡೋಗೂ ಹೋದರು. ದಶಕಗಳ ಕಾಲ ಮಾಗಿಯೂ ಕಸುವು ಕಳೆದುಕೊಳ್ಳದ ವೈನುಗಳನ್ನು ಅಲ್ಲಿ ಸವಿದು, ನಮ್ಮ ನೆಲದಲ್ಲೂ ಇಂಥದ್ದು ಆಗಬೇಕು ಎಂದು ನಿಶ್ಚಯಿಸಿ ಊರಿಗೆ ಮರಳಿದರು. ಬೋರ್ಡೋದವರ ಕ್ಯಾಬರ್ನೆ ದ್ರಾಕ್ಷಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಆಗ ಅಪರೂಪ, ಶಿರಾಜ್ ಬೇಕಾದಷ್ಟು. ಫ್ರೆಂಚ್ ಓಕ್‌ನ ಬದಲು ಅಮೆರಿಕದ ಓಕ್. ಕೈಗೆಟಕುವುದನ್ನೇ ನೆಚ್ಚಿಕೊಂಡ ಆ ತೀರ್ಮಾನವೇ ಗ್ರೇಂಜ್‌ಗೆ ಅದರದ್ದೇ ಗುಣ ಕೊಟ್ಟಿತು. ಬಣ್ಣವೂ ಒಗರೂ ಇರುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ಹುದುಗುವಾಗ ಸಿಪ್ಪೆ ಮೇಲೆ ತೇಲಿಬಿಟ್ಟರೆ ಅವು ಪೂರ್ತಿ ಇಳಿಯುವುದಿಲ್ಲ. ಅದಕ್ಕೆ ತೊಟ್ಟಿಯಲ್ಲಿ ಹಲಗೆ ಅಡ್ಡ ಹಾಕಿ ಸಿಪ್ಪೆಯನ್ನು ರಸದೊಳಗೇ ಮುಳುಗಿಸಿಟ್ಟರು. ಹುದುಗುವಿಕೆ ಮುಗಿಯುವ ಮುನ್ನವೇ ರಸವನ್ನು ಹೊಸ ಪೀಪಾಯಿಗೆ ತುಂಬಿದರು. ಈ ಪದ್ಧತಿ ಇಂದಿಗೂ ಇದೆ. ಪೀಪಾಯಿಯಲ್ಲಿ ಸುಮಾರು ಒಂದೂವರೆ ವರ್ಷ, ಆಮೇಲೆ ಶೀಶೆಯಲ್ಲಿ ಇನ್ನೂ ಕೆಲವು ವರ್ಷ ಕಳೆದ ಮೇಲೆಯೇ ಗ್ರೇಂಜ್ ಮಾರಾಟಕ್ಕೆ ಬರುವುದು.

ಶ್ರೇಷ್ಠ ವೈನ್ ಒಂದೇ ತೋಟದ ಮಣ್ಣಿನದಾಗಿರಬೇಕು ಎಂಬುದು ಯುರೋಪಿನ ಹಳೆಯ ನಂಬಿಕೆ. ಗ್ರೇಂಜ್ ಅದನ್ನು ಒಪ್ಪುವುದಿಲ್ಲ. ಆಯಾ ವರ್ಷ ಯಾವ ಊರಿನ ಶಿರಾಜ್ ಚೆನ್ನಾಗಿ ಬಂದಿದೆಯೋ ಅದನ್ನು ಆಯ್ದು ಬೆರೆಸುತ್ತಾರೆ. ಹಲವು ವರ್ಷ ಚೂರು ಕ್ಯಾಬರ್ನೆಯೂ ಸೇರುತ್ತದೆ. ಅಡಿಲೇಡಿನ ದಕ್ಷಿಣಕ್ಕೆ, ಕಡಲ ಗಾಳಿಯ ಮೆಕ್ಲಾರೆನ್ ವೇಲ್. ಉತ್ತರಕ್ಕೆ ಕ್ಲೇರ್ ಕಣಿವೆ. ಆದರೆ ಬೆನ್ನೆಲುಬು ಬರೋಸಾ ಕಣಿವೆಯೇ.

ಬರೋಸಾದ ಬಗ್ಗೆ ತುಸು ನಿಂತು ಹೇಳಬೇಕು. ಧರ್ಮದ ಕಾರಣಕ್ಕೆ ಪ್ರಷ್ಯ ತೊರೆದು ಬಂದ ಲೂಥರನ್ ರೈತರು 1840ರ ದಶಕದಲ್ಲಿ ಇಲ್ಲಿ ನೆಲೆಯೂರಿದರು. ದ್ರಾಕ್ಷಿಯ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಕೀಟ ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ನೆಲಸಮ ಮಾಡಿತು, ಪಕ್ಕದ ವಿಕ್ಟೋರಿಯಕ್ಕೂ ಬಂತು. ಕಟ್ಟುನಿಟ್ಟಿನ ನಿರ್ಬಂಧದಿಂದಾಗಿ ದಕ್ಷಿಣ ಆಸ್ಟ್ರೇಲಿಯಕ್ಕೆ ಮಾತ್ರ ಕಾಲಿಡಲಿಲ್ಲ. ಹೀಗಾಗಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ಇಂದಿಗೂ ಫಸಲು ಕೊಡುತ್ತಿವೆ. ಮುದಿ ಬಳ್ಳಿಯ ಗೊಂಚಲು ಕಡಿಮೆ, ರಸ ಗಾಢ.

ಇಷ್ಟು ಹಳೆಯ ಸಂಪತ್ತನ್ನು ಸರ್ಕಾರವೇ ಕಳೆದುಕೊಳ್ಳಲು ಹೊರಟಿತ್ತು ಎಂಬುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ. 1980ರ ದಶಕದಲ್ಲಿ ಬೆಲೆ ಕುಸಿದಾಗ ಬಳ್ಳಿ ಕಿತ್ತವರಿಗೆ ಪರಿಹಾರ ಕೊಡುವ ಯೋಜನೆ ಬಂತು. ಎಷ್ಟೋ ಹಳೆಯ ಶಿರಾಜ್ ತೋಟಗಳು ಬುಡಮೇಲಾದವು. ಪೀಟರ್ ಲೇಮನ್‌ರಂಥ ತಯಾರಕರು ಆ ಸಂಕಟದ ವರ್ಷಗಳಲ್ಲಿ ರೈತರ ದ್ರಾಕ್ಷಿಯನ್ನು ಕೊಳ್ಳದೇ ಹೋಗಿದ್ದರೆ ಇನ್ನೂ ಹೆಚ್ಚು ನಾಶವಾಗುತ್ತಿತ್ತು. 2009ರಲ್ಲಿ ಬರೋಸಾ ತನ್ನ ಬಳ್ಳಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಸನ್ನದು ಹೊರಡಿಸಿತು. 125 ವರ್ಷ ದಾಟಿದವು ಅದರಲ್ಲಿ ‘ಪೂರ್ವಜ’ ಬಳ್ಳಿಗಳು.

ಪಕ್ಕದ ಈಡನ್ ಕಣಿವೆಯ ಹೆನ್ಶ್‌ಕಿ ಕುಟುಂಬದ ‘ಹಿಲ್ ಆಫ್ ಗ್ರೇಸ್’ ಶಿರಾಜ್ ಗ್ರೇಂಜ್‌ಗಿಂತ ಪೂರಾ ಬೇರೆ ದಾರಿಯದು. ಚರ್ಚಿನ ಎದುರಿನ ಒಂದೇ ತೋಟದ್ದು. ಅಲ್ಲಿನ ಅತಿ ಹಳೆಯ ಬಳ್ಳಿಗಳು 1860ರ ಸುಮಾರಿನವು. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಮುಗಿಯುವಂಥದ್ದಲ್ಲ. ಆದರೆ ಆಸ್ಟ್ರೇಲಿಯದ ವೈನಿಗೆ ಲೋಕದ ಕಣ್ಣಲ್ಲಿ ಗೌರವ ತಂದದ್ದು ಗ್ರೇಂಜ್. 1990ರ ಗ್ರೇಂಜನ್ನು ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ 1995ರಲ್ಲಿ ವರ್ಷದ ವೈನ್ ಎಂದು ಆರಿಸಿತು. ಮಾರುಕಟ್ಟೆಗೇ ಬಿಡದ 1951ರ ಮೊದಲ ಫಸಲಿನ ಶೀಶೆ ಹರಾಜಿನಲ್ಲಿ ಒಂದು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೀರಿ ಹೋಗಿದೆ.

ನಂದಿಬೆಟ್ಟದ ತಪ್ಪಲಿನ ತೋಟಗಳಲ್ಲೂ ಶಿರಾಜ್ ಬೆಳೆಯುತ್ತದೆ; ಅದನ್ನು ಸವಿದವರಿಗೆ ಕರಿಮೆಣಸಿನಂಥ ಅದರ ಖಾರ ಪರಿಚಿತ. ಬರೋಸಾದ್ದನ್ನು ಅರಿಯಲು ಗ್ರೇಂಜೇ ಆಗಬೇಕಿಲ್ಲ, ಅದೇ ಕಣಿವೆಯ ಸಾಧಾರಣ ಬೆಲೆಯ ಶಿರಾಜ್‌ನಿಂದ ಶುರುಮಾಡಿ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಭಾರತ–ಆಸ್ಟ್ರೇಲಿಯ ಒಪ್ಪಂದದಂತೆ, ಶೀಶೆಗೆ 15 ಅಮೆರಿಕನ್ ಡಾಲರಿಗಿಂತ ಹೆಚ್ಚಿನ ಆಮದು ಬೆಲೆಯ ವೈನಿನ ಮೇಲೆ ಶೇ 150ರಷ್ಟಿದ್ದ ಸುಂಕ ಆಗಲೇ ಶೇ 75ಕ್ಕೆ ಇಳಿಯಿತು. ಅಲ್ಲಿಂದ ಹತ್ತು ವರ್ಷಗಳಲ್ಲಿ ಅದು ಹಂತಹಂತವಾಗಿ ಶೇ 25ಕ್ಕೆ ಇಳಿಯಲಿದೆ.