ಸಿಸೇರಿಯನ್ ಶಸ್ತ್ರಕ್ರಿಯೆಯೂ ಬಾಣಂತಿಯ ನೋವೂ

ಹೆರಿಗೆಯ ನೋವನ್ನು ನಮ್ಮ ಸಮಾಜವು ಬಹುಕಾಲದಿಂದ ಹೆಣ್ಣಿನ ಸಹನೆಗೆ ಒಪ್ಪಿಸಿಬಿಟ್ಟಿದೆ. ಸಿಸೇರಿಯನ್ ಶಸ್ತ್ರಕ್ರಿಯೆಯ ಅನಂತರದ ನೋವಿನ ವಿಷಯದಲ್ಲಿಯೂ ಇದೇ ಭಾವನೆಯಿದೆ. ಹೊಟ್ಟೆ ಕೊಯ್ದ ಮೇಲೆ ನೋಯದೆ ಇದ್ದೀತೆ ಎಂಬ ಒಂದು ಮಾತಿನಲ್ಲಿ ವಿಚಾರವು ಮುಗಿದುಹೋಗುತ್ತದೆ. ಆದರೆ ಆ ನೋವು ಎಷ್ಟು ಮತ್ತು ಎಷ್ಟು ದಿನ ಎಂಬುದು ಬಾಣಂತಿಯ ಧೈರ್ಯವೊಂದನ್ನೇ ಅವಲಂಬಿಸಿಲ್ಲ. ವೈದ್ಯನ ಕೈ ಯಾವ ಮಾರ್ಗವಾಗಿ ಒಳಹೊಕ್ಕಿತು, ಏನನ್ನು ಕತ್ತರಿಸಿತು, ಏನನ್ನು ಕತ್ತರಿಸದೆ ಉಳಿಸಿತು ಎಂಬುದನ್ನೂ ಅವಲಂಬಿಸಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ 21.5, ಕರ್ನಾಟಕದಲ್ಲಿ 31.5, ತಮಿಳುನಾಡಿನಲ್ಲಿ 44.9, ತೆಲಂಗಾಣದಲ್ಲಿ 60.7 ಹೆರಿಗೆಗಳು ಈ ರೀತಿಯಲ್ಲಿ ನಡೆದವು. ಆದಕಾರಣ ಇದು ಎಲ್ಲೋ ಕೆಲವರಿಗೆ ಒದಗುವ ಸಂಕಟವಲ್ಲ.

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಈ ಶಸ್ತ್ರಕ್ರಿಯೆಯಲ್ಲಿ ತಾಯಿ ಬದುಕುವುದೇ ಅಪರೂಪವಾಗಿತ್ತು. ಗರ್ಭಕೋಶದ ಗಾಯವನ್ನು ಹೊಲಿಯುವ ಪದ್ಧತಿ ಅಂದು ರೂಢಿಯಲ್ಲಿರಲಿಲ್ಲ. 1876ರಲ್ಲಿ ಇಟಲಿಯ ಪಾವಿಯಾ ನಗರದಲ್ಲಿ ಎಡ್ವಾರ್ಡೊ ಪೊರ‍್ರೊ ರಕ್ತಸ್ರಾವವನ್ನು ತಡೆಯಲು ಗರ್ಭಕೋಶವನ್ನೇ ತೆಗೆದುಹಾಕಬೇಕಾಯಿತು. 1882ರಲ್ಲಿ ಲೈಪ್‌ಜಿಗ್‌ನ ಮಾಕ್ಸ್ ಸೆಂಗರ್ ಗರ್ಭಕೋಶವನ್ನು ಹೊಲಿದು ಉಳಿಸುವ ಕ್ರಮವನ್ನು ಪ್ರತಿಪಾದಿಸಿದನು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಛೇದಿಸುವ ಕ್ರಮವನ್ನು 1881ರಲ್ಲಿ ಕೇರರ್ ಅನುಸರಿಸಿದ್ದನು. ಮುಂದೆ 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಅದನ್ನು ಪ್ರಚಾರಕ್ಕೆ ತಂದನು. ಜೀವ ಉಳಿಯುವ ಭರವಸೆ ಬಂದ ಮೇಲೆಯೇ ನೋವಿನ ಪ್ರಶ್ನೆಗೆ ಎಡೆ ದೊರೆಯಿತು.

ಹೊಕ್ಕುಳಿನ ಕೆಳಗೆ ಉದ್ದುದ್ದವಾಗಿ ಕೊಯ್ದ ಗಾಯವನ್ನು ಹೊಟ್ಟೆಯ ಸ್ನಾಯುಗಳು ಎರಡು ಪಕ್ಕಕ್ಕೂ ಎಳೆಯುತ್ತವೆ. ಕೆಮ್ಮಿದರೂ ಎದ್ದರೂ ಆ ಎಳೆತವು ಅನುಭವಕ್ಕೆ ಬರುತ್ತದೆ. 1900ರಲ್ಲಿ ಫಾನೆನ್‌ಸ್ಟೀಲ್ ವಿವರಿಸಿದ, ಕಿಬ್ಬೊಟ್ಟೆಯ ತಗ್ಗಿನಲ್ಲಿ ಬಾಗಿದ ಅಡ್ಡ ಛೇದವು ಈ ತೊಂದರೆಯನ್ನು ಕಡಮೆ ಮಾಡಿತು. ಆದರೆ ಇದರಲ್ಲಿಯೂ ಸ್ನಾಯುಗಳ ಮೇಲಿನ ಗಟ್ಟಿ ಹೊದಿಕೆಯನ್ನು ಕತ್ತರಿಯಿಂದ ಅಗಲಿಸಿ, ಸ್ನಾಯುಗಳಿಂದ ಮೇಲಕ್ಕೂ ಕೆಳಕ್ಕೂ ಬಿಡಿಸಬೇಕಾಗುತ್ತದೆ. ಛೇದವು ಪಕ್ಕಗಳಿಗೆ ಹೆಚ್ಚು ಚಾಚಿದರೆ ಅಲ್ಲಿ ಹಾಯುವ ಸಣ್ಣ ನರಗಳು ತುಂಡಾಗಬಹುದು ಅಥವಾ ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಕೆಲವು ಸ್ತ್ರೀಯರಿಗೆ ಕಲೆಯ ತುದಿಯಲ್ಲಿ ತಿಂಗಳುಗಟ್ಟಲೆ ಉಳಿಯುವ ಉರಿನೋವಿಗೆ ಇದೊಂದು ಕಾರಣ. ಅದು ಅವರ ಕಲ್ಪನೆಯಲ್ಲ.

ಜೋಯೆಲ್-ಕೋಹೆನ್ ಎಂಬ ವೈದ್ಯನು ಗರ್ಭಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಗಾಗಿ ರೂಪಿಸಿದ ನೇರವಾದ ಅಡ್ಡ ಛೇದವು ತುಸು ಮೇಲಿರುತ್ತದೆ. ಇದರಲ್ಲಿ ಹೊದಿಕೆಯ ನಡುವೆ ಮಾತ್ರ ಸ್ವಲ್ಪ ಕತ್ತರಿಸಿ, ಉಳಿದುದನ್ನು ಬೆರಳುಗಳಿಂದ ಅಗಲಿಸುತ್ತಾರೆ. ಎಳೆದಾಗ ಪದರಗಳು ತಮ್ಮ ಸಹಜವಾದ ಸಂದಿನಲ್ಲಿ ಬಿಡುತ್ತವೆ. ರಕ್ತನಾಳಗಳೂ ನರಗಳೂ ಬಹುಮಟ್ಟಿಗೆ ಹಿಗ್ಗಿ ಉಳಿದುಕೊಳ್ಳುತ್ತವೆ. ಜೆರೂಸಲೆಮ್ಮಿನ ಮಿಸ್ಗಾವ್ ಲಡಾಕ್ ಆಸ್ಪತ್ರೆಯಲ್ಲಿ ಮೈಕೆಲ್ ಸ್ಟಾರ್ಕ್ ಈ ಛೇದವನ್ನು ಸಿಸೇರಿಯನ್ನಿಗೆ ಅಳವಡಿಸಿ, ಗರ್ಭಕೋಶಕ್ಕೆ ಒಂದೇ ಪದರದ ಹೊಲಿಗೆ ಹಾಕಿ, ಉದರದ ಒಳಪೊರೆಯನ್ನು ಹೊಲಿಯದೆ ಬಿಟ್ಟನು. ಆ ತೆಳುಪೊರೆ ಕೆಲವೇ ದಿನಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಅನಗತ್ಯವಾದ ಹೊಲಿಗೆಯನ್ನು ಕೈಬಿಡುವುದೂ ಒಂದು ಕೌಶಲವೆಂಬುದು ಇದರಿಂದ ಸಿದ್ಧವಾಯಿತು.

ಈ ಎರಡು ಮಾರ್ಗಗಳನ್ನು ಹೋಲಿಸಿದ ಪರೀಕ್ಷೆಗಳಲ್ಲಿ, ಜೋಯೆಲ್-ಕೋಹೆನ್ ಮಾರ್ಗದಿಂದ ಕಾಲವೂ ರಕ್ತನಷ್ಟವೂ ಕಡಮೆಯಾಗಿ, ಜ್ವರವೂ ನೋವೂ ತಗ್ಗಿದುದು ಕಂಡುಬಂದಿದೆ. ಆದರೂ ಇದನ್ನು ಅತಿಯಾಗಿ ಹಿಗ್ಗಿಸಬಾರದು. ಭಾರತವೂ ಸೇರಿದಂತೆ ಏಳು ದೇಶಗಳ 15,000ಕ್ಕೂ ಹೆಚ್ಚು ಸ್ತ್ರೀಯರನ್ನು ಒಳಗೊಂಡು, 2013ರಲ್ಲಿ ಪ್ರಕಟವಾದ ಕೊರೋನಿಸ್ ಪರೀಕ್ಷೆಯು ಬೆರಳಿನಿಂದ ಬಿಡಿಸುವುದು ಅಥವಾ ಕತ್ತರಿಸುವುದು, ಒಂದು ಪದರದ ಅಥವಾ ಎರಡು ಪದರದ ಹೊಲಿಗೆ, ಒಳಪೊರೆಯನ್ನು ಹೊಲಿಯುವುದು ಅಥವಾ ಬಿಡುವುದು ಮೊದಲಾದವನ್ನು ತೂಗಿ ನೋಡಿತು. ಮರಣ, ಸೋಂಕು, ಮರುಶಸ್ತ್ರಕ್ರಿಯೆ, ರಕ್ತ ಕೊಡಬೇಕಾದ ಸಂದರ್ಭ ಇವುಗಳಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ಅಂದರೆ ತಂತ್ರದ ಫಲವು ಮುಖ್ಯವಾಗಿ ಮೊದಲ ದಿನಗಳ ನೆಮ್ಮದಿಯಲ್ಲಿದೆ.

ಗಾಯದ ನೋವಲ್ಲದೆ, ಗರ್ಭಕೋಶವು ಕುಗ್ಗುವಾಗ ಬರುವ, ಹಾಲೂಡುವಾಗ ಹೆಚ್ಚುವ ನೋವೂ ಒಂದಿದೆ. ಅದನ್ನು ಯಾವ ಛೇದವೂ ತಪ್ಪಿಸಲಾರದು. ಆದ್ದರಿಂದ ಬೆನ್ನಿನ ಅರಿವಳಿಕೆಯೊಡನೆ ಅಲ್ಪ ಪ್ರಮಾಣದ ಮಾರ್ಫೀನ್, ಬಳಿಕ ನೋವು ಕೆರಳುವವರೆಗೆ ಕಾಯದೆ ಗೊತ್ತಾದ ವೇಳೆಗೆ ಕೊಡುವ ಪ್ಯಾರಾಸಿಟಮಾಲ್ ಮೊದಲಾದ ಔಷಧ, ಬೇಗನೆ ನೀರು ಮತ್ತು ಆಹಾರ, ಬೇಗನೆ ಎದ್ದು ನಡೆಯುವುದು ಇವೆಲ್ಲವೂ ಚಿಕಿತ್ಸೆಯ ಅಂಗಗಳಾಗಿವೆ. ಬಾಣಂತಿಗೆ ನೀರನ್ನು ಮಿತಗೊಳಿಸಿ, ಹಾಸಿಗೆ ಬಿಟ್ಟು ಏಳಗೊಡದಿರುವ ಮನೆಯ ವಾಡಿಕೆ ಈ ಕ್ರಮಕ್ಕೆ ವಿರುದ್ಧವಾದುದು. ನಡೆಯುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಮೆಯಾಗುತ್ತದೆ.

ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ಸಂಸಾರಗಳಲ್ಲಿ ತಾಯಿ, ಅತ್ತೆಯರ ನೆರವು ಹಲವು ವೇಳೆ ದೊರೆಯುವುದಿಲ್ಲ. ಬಾಣಂತಿಯೇ ಬೇಗನೆ ಎದ್ದು ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ. ಛೇದ ಯಾವುದು, ನೋವಿಗೆ ಏರ್ಪಾಡೇನು, ಎಂದು ಏಳಬಹುದು ಎಂದು ಮೊದಲೇ ವೈದ್ಯರನ್ನು ಕೇಳುವುದು ಅವಿನಯವಲ್ಲ. ಸಹನೆಯು ಗುಣವೇ ಸರಿ. ಆದರೆ ತಪ್ಪಿಸಬಹುದಾದ ನೋವನ್ನು ಅದರ ಹೆಸರಿನಲ್ಲಿ ಹೊರಿಸುವುದು ನ್ಯಾಯವಲ್ಲ.