ತೂಕ ಇಳಿಸಿದವರ ಎರಡನೇ ವರ್ಷ

ಹೋದ ವರ್ಷ ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳಿಗಿಂತ ಹೆಚ್ಚು ಸುದ್ದಿಯಾದವರು ಥಾಣೆಯಲ್ಲಿ ಹೊಟೇಲ್ ನಡೆಸುವ ಸದಸ್ಯರೊಬ್ಬರು. 92 ಕಿಲೋ ಇದ್ದವರು 78ಕ್ಕೆ ಇಳಿದಿದ್ದರು. ಊಟದ ಸಾಲಿನಲ್ಲಿ ನಿಂತವರೆಲ್ಲ "ಎಂತ ಮಾರಾಯ್ರೆ, ಅರ್ಧ ಆಗಿದ್ದೀರಲ್ಲ!" ಎಂದು ಬೆನ್ನು ತಟ್ಟಿದರು. ಮಹಿಳಾ ವಿಭಾಗದವರು "ಏನು ತಿಂತೀರಿ, ನಮಗೂ ಬರೆದು ಕೊಡಿ" ಎಂದರು. ಒಬ್ಬಿಬ್ಬರು ಹಿರಿಯರು ಬದಿಗೆ ಕರೆದು, "ಶುಗರ್ ಗಿಗರ್ ಉಂಟಾ? ಮುಚ್ಚಿಡಬೇಡ" ಎಂದು ಮೆಲ್ಲಗೆ ವಿಚಾರಿಸಿದ್ದೂ ಉಂಟು. ದಪ್ಪಗಿದ್ದರೆ ಸುಖಿ, ತೆಳ್ಳಗಾದರೆ ರೋಗಿ ಎಂಬ ಲೆಕ್ಕ ನಮ್ಮವರಲ್ಲಿ ಇನ್ನೂ ಹೋಗಿಲ್ಲ.

ಈ ವರ್ಷದ ಕಾರ್ಯಕ್ರಮಕ್ಕೆ ಅವರು ಬರಲಿಲ್ಲ. ಫೋನ್ ಮಾಡಿದರೆ, ಕೆಲಸದವರು ಊರಿಗೆ ಹೋಗಿದ್ದಾರೆ, ಗಲ್ಲಾ ಬಿಟ್ಟು ಬರುವಂತಿಲ್ಲ ಎಂದರು. ವಾರದ ನಂತರ ಹೊಟೇಲಿಗೇ ಹೋಗಿ ಕುಳಿತಾಗ ನಿಜ ಸಂಗತಿ ಹೊರಬಂತು. ಹೋದ ವರ್ಷ ಹೊಲಿಸಿದ ಪ್ಯಾಂಟು ಈ ವರ್ಷ ಸೊಂಟಕ್ಕೆ ಕೂರುತ್ತಿರಲಿಲ್ಲ. ತೂಕ ಮತ್ತೆ 86 ಆಗಿತ್ತು. "ಹೊಗಳಿದ ಜನರ ಎದುರು ಯಾವ ಮುಖ ಹೊತ್ತು ಬರುವುದು?" ಎಂದು ಕೇಳಿದರು. ಹೆಸರು ಹಾಕಬೇಡಿ, ವಿಷಯ ಬರೆಯಿರಿ ಎಂದು ಒಪ್ಪಿದ್ದರಿಂದ ಈ ಲೇಖನ.

ಅವರು ತೂಕ ಇಳಿಸಲು ಹೊರಟದ್ದು ಚಂದಕ್ಕಾಗಿ ಅಲ್ಲ. ಹಿರಿಯರು ಮೆಲ್ಲಗೆ ಕೇಳಿದ್ದ ಪ್ರಶ್ನೆಗೆ ಉತ್ತರ ಹೌದು ಎಂದೇ ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7.4 ಬಂದಿತ್ತು. ತಂದೆ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರು. ಹೆದರಿದ ಮಿತ್ರರು ಜನವರಿಯಲ್ಲಿ ಶುರು ಮಾಡಿದರು. ದಿನಕ್ಕೆ ಹತ್ತು ಕಟಿಂಗ್ ಚಹಾದಲ್ಲಿ ಎಂಟನ್ನು ಬಿಟ್ಟರು, ಉಳಿದೆರಡಕ್ಕೆ ಸಕ್ಕರೆ ಬಿಟ್ಟರು. ಹೊಟೇಲ್ ಮುಚ್ಚಿದ ಮೇಲೆ ರಾತ್ರಿ ಒಂದು ಗಂಟೆಗೆ ಮಾಡುತ್ತಿದ್ದ ಊಟವನ್ನು ಎಂಟು ಗಂಟೆಗೆ ತಂದರು. ಬೆಳಿಗ್ಗೆ ತಲಾವ್ ಪಾಳಿಯ ಸುತ್ತ ಮುಕ್ಕಾಲು ಗಂಟೆ ನಡಿಗೆ. ಮೊದಲ ತಿಂಗಳಲ್ಲೇ ನಾಲ್ಕು ಕಿಲೋ ಇಳಿಯಿತು. ಜುಲೈ ಕೊನೆಗೆ 78. ಎಚ್‌ಬಿಎ1ಸಿ 6.0. ವೈದ್ಯರು ಒಂದು ಮಾತ್ರೆಯನ್ನು ನಿಲ್ಲಿಸಿದರು.

ಅಲ್ಲಿಗೆ ಮುಳ್ಳು ನಿಂತಿತು. ಆಗಸ್ಟ್ 78, ಸೆಪ್ಟೆಂಬರ್ 78, ಅಕ್ಟೋಬರ್ 78. ಒಮ್ಮೆ 77.4 ಕಂಡು ಸಂತೋಷಪಟ್ಟರೆ ಎರಡು ದಿನದಲ್ಲಿ 78.6. ಅದೇ ಊಟ, ಅದೇ ನಡಿಗೆ, ಆದರೆ ಫಲವಿಲ್ಲ. "70ಕ್ಕೆ ಬರಬೇಕೆಂದು ಮನಸ್ಸಿನಲ್ಲಿತ್ತು. ಮೂರು ತಿಂಗಳು ಕತ್ತೆಯ ಹಾಗೆ ದುಡಿದು ನೂರು ಗ್ರಾಂ ಇಳಿಯದಿದ್ದರೆ ಯಾಕೆ ದುಡಿಯುವುದು?" ಎಂಬುದು ಅವರ ಪ್ರಶ್ನೆ. ಸಭಾಗೃಹದಲ್ಲಿ ನಾವೆಲ್ಲ ಬೆನ್ನು ತಟ್ಟುತ್ತಿದ್ದ ಡಿಸೆಂಬರಿನಲ್ಲಿ ಅವರು ನಡಿಗೆಯನ್ನು ಬಿಟ್ಟು ಆಗಲೇ ಹದಿನೈದು ದಿನವಾಗಿತ್ತಂತೆ.

ಇದು ಅವರೊಬ್ಬರ ಕಥೆಯಲ್ಲ. ಮಹಾರಾಷ್ಟ್ರದಲ್ಲಿ ಡಾ. ಜಗನ್ನಾಥ ದೀಕ್ಷಿತರ ದಿನಕ್ಕೆರಡೇ ಊಟದ ಪದ್ಧತಿ ಮನೆಮಾತಾದಾಗ ನಮ್ಮ ಸಂಘಗಳಲ್ಲೂ ಎಷ್ಟೋ ಮಂದಿ 55 ನಿಮಿಷದ ಗಡಿಯಾರ ನೋಡಿ ಉಂಡವರಿದ್ದಾರೆ, ಆರೇಳು ಕಿಲೋ ಇಳಿಸಿದವರೂ ಇದ್ದಾರೆ. ಅವರಲ್ಲಿ ಇಂದು ಎಷ್ಟು ಮಂದಿ ಅದೇ ತೂಕದಲ್ಲಿದ್ದಾರೆ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತದೆ. ಪದ್ಧತಿ ಯಾವುದಾದರೂ ಇರಲಿ, ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಮುಳ್ಳು ನಿಲ್ಲುವುದು ಸಾಮಾನ್ಯ.

ಯಾಕೆ ನಿಲ್ಲುತ್ತದೆ? ಮೊದಲ ತಿಂಗಳ ವೇಗವೇ ನಮ್ಮನ್ನು ಮೋಸಗೊಳಿಸುತ್ತದೆ. ಊಟ ಕಡಿಮೆಯಾದೊಡನೆ ದೇಹವು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು ಖರ್ಚು ಮಾಡುತ್ತದೆ. ಅದರ ಒಂದು ಗ್ರಾಂ ಜತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಹಾಗಾಗಿ ಮೊದಲು ಇಳಿದದ್ದರಲ್ಲಿ ಒಂದು ಪಾಲು ನೀರು. ಆ ವೇಗ ವರ್ಷಪೂರ್ತಿ ಇರಬೇಕೆಂದು ಬಯಸಿದರೆ ನಿರಾಶೆ ಖಂಡಿತ.

ಮುಂದಿನದನ್ನು ಮಿತ್ರರಿಗೆ ಹೊಟೇಲಿನ ಭಾಷೆಯಲ್ಲೇ ಹೇಳಿದೆ. ಕೊಬ್ಬು ಎಂದರೆ ಗೋದಾಮಿನ ದಿನಸಿ. ಪೇಟೆಯಿಂದ ತರುವುದನ್ನು ಕಡಿಮೆ ಮಾಡಿದರೆ ಅಡುಗೆಮನೆ ಗೋದಾಮಿನ ಸಾಮಾನಿನಿಂದ ನಡೆಯುತ್ತದೆ. ಆದರೆ ಗೋದಾಮು ಖಾಲಿಯಾಗುವುದನ್ನು ಕಂಡ ಅಡುಗೆ ಭಟ್ಟರು ತಾವಾಗಿಯೇ ಅಡುಗೆ ಕಡಿಮೆ ಮಾಡುತ್ತಾರೆ, ಜತೆಗೆ "ದಿನಸಿ ತನ್ನಿ, ದಿನಸಿ ತನ್ನಿ" ಎಂದು ಮಾಲಿಕರ ಕಿವಿ ಕಚ್ಚುತ್ತಾರೆ. ದೇಹ ಮಾಡುವುದೂ ಇದನ್ನೇ. 78 ಕಿಲೋ ದೇಹವನ್ನು ಹೊತ್ತು ಕೆರೆಯ ಸುತ್ತ ನಡೆಯಲು 92 ಕಿಲೋದಷ್ಟು ಖರ್ಚಿಲ್ಲ. ಅದು ಸಾಲದೆಂದು ದೇಹ ತನ್ನ ಒಳಗಿನ ಖರ್ಚನ್ನೂ ಸ್ವಲ್ಪ ಹಿಡಿಯುತ್ತದೆ, ನಮಗೆ ಅರಿವಿಲ್ಲದೆಯೇ ನಾವು ಕಡಿಮೆ ಓಡಾಡುತ್ತೇವೆ.

ಇದಕ್ಕೆ ಅಂಕಿಯೂ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ಇಳಿಯುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ನಮ್ಮ ಮಿತ್ರರ 14 ಕಿಲೋಗೆ ಹಿಡಿದು ನೋಡಿ. ಖರ್ಚು ದಿನಕ್ಕೆ 280ರಿಂದ 420 ಕ್ಯಾಲೊರಿ ಕಡಿಮೆ. ಚಹಾ, ರಾತ್ರಿಯೂಟ ಎಲ್ಲ ಸೇರಿ ಅವರು ದಿನಕ್ಕೆ 700 ಕ್ಯಾಲೊರಿ ಉಳಿಸಿದ್ದರು ಎಂದಿಟ್ಟುಕೊಂಡರೂ ಅರ್ಧಕ್ಕೂ ಹೆಚ್ಚು ಅಲ್ಲೇ ವಜಾ ಆಗಬಹುದು. ಉಳಿದದ್ದನ್ನು ಆ ಏರಿದ ಹಸಿವು ಸದ್ದಿಲ್ಲದೆ ನುಂಗುತ್ತದೆ. ಪಲ್ಯಕ್ಕೆ ಕೈತಪ್ಪಿ ಬಿದ್ದ ಒಂದು ದೊಡ್ಡ ಚಮಚ ಎಣ್ಣೆ ಎಂದರೇನೇ ಸುಮಾರು 120 ಕ್ಯಾಲೊರಿ. ಅಡುಗೆಮನೆಯಲ್ಲಿ ರುಚಿ ನೋಡುವುದೇ ಕೆಲಸವಾದವರ ಗತಿ ಹೇಳಬೇಕಾಗಿಲ್ಲ.

ಹಸಿವು ಹೆಚ್ಚುವುದು ಮನಸ್ಸಿನ ದೌರ್ಬಲ್ಯ ಎಂದು ಬೈಯುವವರಿಗೆ ಇನ್ನೊಂದು ಸಂಗತಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತೂಕ ಇಳಿಸಿದವರನ್ನು ಒಂದು ವರ್ಷದ ಬಳಿಕ ಪರೀಕ್ಷಿಸಿದಾಗಲೂ ಅವರ ರಕ್ತದಲ್ಲಿ ಹಸಿವಿನ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಆ ವರದಿ 2011ರಲ್ಲಿ ಬಂತು. ಅಂದರೆ ನಾಲಗೆಯನ್ನು ಬೈದು ಪ್ರಯೋಜನವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ನಮ್ಮ ಮಿತ್ರರು ಎಡವಿದ್ದೂ ಇಲ್ಲಿಯೇ. ಇಷ್ಟೆಲ್ಲ ಒತ್ತಡದ ನಡುವೆಯೂ ಮೂರು ತಿಂಗಳು ತೂಕವನ್ನು 78ರಲ್ಲಿ ಹಿಡಿದು ನಿಲ್ಲಿಸಿದ್ದು ಯಾವುದು? ಫಲವಿಲ್ಲ ಎಂದು ಅವರು ಬಿಟ್ಟುಕೊಟ್ಟ ಆ ಬೆಳಗಿನ ನಡಿಗೆ ಮತ್ತು ಎಂಟು ಗಂಟೆಯ ಊಟವೇ. ಅವು ಏನು ಮಾಡುತ್ತಿದ್ದವು ಎಂಬುದು ಬಿಟ್ಟ ಮೇಲೆ ಎಂಟು ಕಿಲೋ ರೂಪದಲ್ಲಿ ಗೊತ್ತಾಯಿತು. ಎಚ್‌ಬಿಎ1ಸಿ 7.1ಕ್ಕೆ ಮರಳಿತು, ನಿಲ್ಲಿಸಿದ್ದ ಮಾತ್ರೆಯೂ ಮರಳಿತು.

ಮುಳ್ಳು ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆಯುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಚೆನ್ನೈಯಲ್ಲೇ ಸಾಕ್ಷಿ ಇದೆ. ಅಲ್ಲಿನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ಮನೆ ಬಿಟ್ಟವರ ಗುಂಪಿನಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ನಡಿಗೆ ಮತ್ತು ಊಟದ ಶಿಸ್ತು ಪಾಲಿಸಿದವರಲ್ಲಿ ಶೇ. 39 ಮಂದಿಗೆ. ವಿಶೇಷವೆಂದರೆ, ಈ ಎರಡನೇ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತೂಕದ ಯಂತ್ರವನ್ನು ಮಾತ್ರ ನಂಬಿದ್ದರೆ ಅವರೂ "ಪ್ರಯೋಜನವಿಲ್ಲ" ಎಂದು ಮನೆಯಲ್ಲಿ ಕುಳಿತಿರುತ್ತಿದ್ದರು.

ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ಅವರು ಲಂಡನ್ನಿನ ತಮ್ಮ ವೈದ್ಯ ಮಿತ್ರ ಯುಡ್ಕಿನ್ ಜತೆ 2004ರಲ್ಲಿ ಪ್ರಕಟಿಸಿದ ಚಿತ್ರವೂ ಇಲ್ಲಿ ನೆನಪಾಗುತ್ತದೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸರಿಸಮ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ನಮ್ಮ ಯಾಜ್ಞಿಕ್‌ರಲ್ಲಿ ಶೇ. 21.2. ಭಾರತೀಯರಿಗೆ ಕಿಲೋಗಿಂತ ಟೈಲರನ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎಂಬುದು ನಮ್ಮ ದೇಶದ ವೈದ್ಯರು ಒಪ್ಪಿದ ಅಳತೆ.

ಇತ್ತೀಚೆಗೆ ಎಲ್ಲರೂ ಕೇಳುವುದು ಇಂಜೆಕ್ಷನ್ ಬಗ್ಗೆ. ಮೌಂಜಾರೊ, ವೆಗೋವಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ತೂಕ ಇಳಿಸುವುದು ನಿಜ. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಮದ್ದನ್ನು ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಪಾಲು ಮರಳಿತೆಂದು 2022ರ ವರದಿ ಹೇಳುತ್ತದೆ. ಎರಡನೇ ವರ್ಷದ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ. ವೈದ್ಯರನ್ನು ಕೇಳದೆ ಪರಿಚಯದ ಮೆಡಿಕಲ್ ಅಂಗಡಿಯಿಂದ ತರಿಸುವವರಿಗೆ ಕೈಮುಗಿದು ಬೇಡ ಎನ್ನುತ್ತೇನೆ.

ಹಾಗಾದರೆ ಇಳಿದದ್ದನ್ನು ಉಳಿಸಿಕೊಂಡವರು ಇಲ್ಲವೇ? ಇದ್ದಾರೆ. ಅಮೆರಿಕದಲ್ಲಿ 1994ರಿಂದ ಅಂಥವರ ದೊಡ್ಡ ದಾಖಲೆಯೊಂದನ್ನು ಇಡಲಾಗಿದೆ. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷ ಕಾಪಾಡಿಕೊಂಡವರಿಗೆ ಮಾತ್ರ ಅದರಲ್ಲಿ ಪ್ರವೇಶ. ಅವರಲ್ಲಿ ಬಹುಪಾಲು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ, ಅದೂ ಹೆಚ್ಚಾಗಿ ನಡಿಗೆ. ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಇಳಿಸುವಾಗ ಮಾಡಿದ್ದಕ್ಕಿಂತ ಕಡಿಮೆ ಕೆಲಸದಲ್ಲಿ ಉಳಿಸಿಕೊಳ್ಳಬಹುದು ಎಂದು ತಿಳಿದವರಿಗೆ ಇದು ಸಿಹಿ ಸುದ್ದಿಯಲ್ಲ.

ಮಿತ್ರರ ವೈದ್ಯರು ಈ ಸಲ 70ರ ಮಾತೆತ್ತಿಲ್ಲ. 82ಕ್ಕೆ ಬಂದು ಮೂರು ತಿಂಗಳು ಅಲ್ಲೇ ನಿಲ್ಲಿ, ಆಮೇಲೆ ಮುಂದಿನದು ನೋಡೋಣ ಎಂದಿದ್ದಾರಂತೆ. ನಿಲ್ಲುವುದನ್ನೇ ಪಾಠವಾಗಿ ಕೊಟ್ಟದ್ದು ನನಗೆ ಬಹಳ ಹಿಡಿಸಿತು. ತೂಕ ಇಳಿಯುವಾಗ ಕೊಬ್ಬಿನ ಜತೆ ಸ್ನಾಯುವೂ ಕರಗುವುದರಿಂದ ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವ, ಭಾರ ಎತ್ತುವ ವ್ಯಾಯಾಮ ಸೇರಿಸಿದ್ದಾರೆ. ಊಟದಲ್ಲಿ ಮೊಟ್ಟೆ, ಮೀನು, ಮೊಳಕೆ ಬಂದ ಹೆಸರು ಹೆಚ್ಚಾಗಿದೆ. ಅನ್ನವನ್ನು ಇನ್ನೂ ಕಡಿಮೆ ಮಾಡುತ್ತೇನೆಂದು ಇವರು ಹೇಳಿದ್ದಕ್ಕೆ ವೈದ್ಯರು ಒಪ್ಪಲಿಲ್ಲವಂತೆ. ದಿನಕ್ಕೆ ಮೂರು ಸಲ ಯಂತ್ರ ಹತ್ತುವ ಅಭ್ಯಾಸ ಬಿಟ್ಟು ಗುರುವಾರ ಬೆಳಿಗ್ಗೆ ಮಾತ್ರ ನೋಡುತ್ತಾರೆ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ನೀರಿನಿಂದಲೇ ಒಂದು ಕಿಲೋ ಹೆಚ್ಚು ತೋರಿಸಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಇನ್ಸುಲಿನ್ ಮತ್ತು ಕೆಲವು ಮಧುಮೇಹದ ಮಾತ್ರೆಗಳು ತೂಕ ಹೆಚ್ಚಿಸುವುದುಂಟು. ಥೈರಾಯ್ಡ್ ತೊಂದರೆಯೂ ಇರಬಹುದು. ತಿಂಗಳುಗಟ್ಟಲೆ ಮುಳ್ಳು ನಿಂತರೆ ಇದನ್ನೊಮ್ಮೆ ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ನಮ್ಮ ಸಂಘಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರತಿ ವರ್ಷ ಉಚಿತ ವೈದ್ಯಕೀಯ ತಪಾಸಣಾ ಶಿಬಿರ ನಡೆಸುತ್ತೇವೆ. ತೂಕ, ಬಿಪಿ, ಶುಗರ್ ಚೀಟಿಯಲ್ಲಿ ಬರೆದು ಕೊಡುತ್ತೇವೆ, ಹೊರಗೆ ಬಂದವರಿಗೆ ಜಿಲೇಬಿಯೊಂದಿಗೆ ಉಪಾಹಾರವನ್ನೂ ಕೊಡುತ್ತೇವೆ. ಆ ಚೀಟಿ ಮನೆ ತಲುಪುವ ಮೊದಲೇ ಕಳೆದುಹೋಗುತ್ತದೆ. ಒಂದು ರಿಜಿಸ್ಟರ್ ಇಟ್ಟು, ಮರುವರ್ಷ ಅದೇ ಸದಸ್ಯರ ಅದೇ ಅಂಕಿಗಳನ್ನು ಪಕ್ಕದಲ್ಲಿ ಬರೆದರೆ ಖರ್ಚೇನೂ ಇಲ್ಲ. ತೂಕ ಇಳಿಸಿದವರಿಗೆ ಚಪ್ಪಾಳೆ ತಟ್ಟುವ ನಾವು, ಮರುವರ್ಷ ಅದೇ ತೂಕದಲ್ಲಿ ಬಂದವರನ್ನು ಗಮನಿಸುವುದೇ ಇಲ್ಲ. ಕಷ್ಟದ ಕೆಲಸ ಮಾಡಿದವರು ಅವರು. ಶಾಲು ಹೊದೆಸುವುದೇ ಆದರೆ ಅವರಿಗೆ ಹೊದೆಸಬಹುದು.

ಮೊನ್ನೆ ಗುರುವಾರ ಮಿತ್ರರು ಫೋನ್ ಮಾಡಿದ್ದರು. 84.2. ಗಲ್ಲಾ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾರಂತೆ. ಬರುವ ವಾರ್ಷಿಕೋತ್ಸವಕ್ಕೆ ಬರುತ್ತೀರಾ ಎಂದು ಕೇಳಿದೆ. "ಖಂಡಿತ ಬರ್ತೇನೆ ಮಾರಾಯ್ರೆ. ಪ್ಯಾಂಟು ಟೈಲರಿಗೆ ಕೊಟ್ಟಾಯಿತು, ಸೊಂಟದಲ್ಲಿ ಎರಡು ಇಂಚು ಬಿಡಿಸಲಿಕ್ಕೆ" ಎಂದರು.