ಗಾಣ, ಉಳಿ, ಹರಿಗೋಲು: ಕಪಿಲೆಯ ಸೀಮೆಯ ಊರುಗಳು ತುಂಬಿದ ಬಗೆ

ಪ್ರಾಚೀನ ಪಟ್ಟಣವೊಂದನ್ನು ಕಥೆಯಲ್ಲಾಗಲಿ ನಾಟಕದಲ್ಲಾಗಲಿ ಕಲ್ಪಿಸಹೊರಟ ನಮ್ಮ ಲೇಖಕರು ಸಾಮಾನ್ಯವಾಗಿ ಕೋಟೆಯನ್ನೂ ಅರಮನೆಯನ್ನೂ ಮೊದಲು ಕಟ್ಟಿ, ಅಂಗಡಿಬೀದಿಯಲ್ಲಿ ಮುತ್ತುರತ್ನಗಳ ರಾಶಿಯನ್ನು ಸುರಿದು, ಆ ಊರಿನ ದೀಪಕ್ಕೆ ಎಣ್ಣೆ ತಂದವರು ಯಾರೆಂಬುದನ್ನು ಮರೆತುಬಿಡುತ್ತಾರೆ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಊರುಗಳು ಹುಟ್ಟಿ ಬೆಳೆದ ರೀತಿಯನ್ನು ಅವಲೋಕಿಸಿದರೆ, ಒಂದು ಕಸುಬು ಮತ್ತೊಂದನ್ನು ಕರೆತಂದು ತನ್ನ ಮಗ್ಗುಲಲ್ಲಿ ನೆಲೆಗೊಳಿಸಿದ ಕ್ರಮವೇ ಪಟ್ಟಣದ ನಿಜವಾದ ಚರಿತ್ರೆಯೆಂದು ನನಗೆ ದೃಢವಾಗಿ ತೋರುತ್ತದೆ.

ದೇವಾಲಯವೆದ್ದೊಡನೆ ನಂದಾದೀವಿಗೆ ಬೇಕು. ದೀವಿಗೆಗೆ ಎಣ್ಣೆ, ಎಣ್ಣೆಗೆ ಗಾಣ. ಕನ್ನಡನಾಡಿನ ಮಧ್ಯಯುಗದ ಶಾಸನಗಳಲ್ಲಿ ಗಾಣಕ್ಕಿಷ್ಟು ಎಣ್ಣೆಯೆಂದು ದೇವರ ದೀಪಕ್ಕೆ ಬಿಟ್ಟ ದತ್ತಿಗಳೂ ಗಾಣದೆರೆ, ಮಗ್ಗದೆರೆಗಳೂ ಪದೇ ಪದೇ ಕಾಣಬರುವುದು ಈ ಕಾರಣದಿಂದಲೇ. ಗಾಣವೋ, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಕಲ್ಲಿನ ಒರಳನ್ನು ಕಲ್ಲುಕುಟಿಗನು ತೋಡಿಕೊಡಬೇಕು; ಅದರೊಳಗೆ ವಾಲಿಕೊಂಡು ಸುತ್ತುವ ಮರದ ಒನಕೆಯನ್ನು ಬಡಗಿಯು ಕೆತ್ತಬೇಕು; ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಎತ್ತು ಸುತ್ತಿದಂತೆಲ್ಲ ಎಳ್ಳೋ ಹುಚ್ಚೆಳ್ಳೋ ನುರಿದು ಎಣ್ಣೆಯಿಳಿದ ಮೇಲೆ ಅದನ್ನು ತುಂಬಲು ಕುಂಬಾರನ ಗಡಿಗೆ ಬರಬೇಕು; ಮಿಕ್ಕ ಹಿಂಡಿ ದನದ ಕೊಟ್ಟಿಗೆಗೆ ಹೋಗಬೇಕು. ಹೀಗೆ ಗರ್ಭಗುಡಿಯ ಒಂದು ದೀಪದ ಬೆನ್ನಿಗೆ ಹಲವು ಮನೆಗಳ ಒಲೆಗಳು ಉರಿಯುತ್ತಿದ್ದುವು.

ಸೋಮನಾಥಪುರದ ಬಗೆಯೇ ಬೇರೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಸ್ಥಾಪಿಸಿ, 1258ರಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದನು. ಬಳಪದ ಕಲ್ಲಿನಲ್ಲಿ ಕಡೆದ ವಿಗ್ರಹಗಳ ಪೀಠಗಳಲ್ಲಿ ಮಲ್ಲಿತಮ್ಮ, ಚೌಡೆಯ, ಮಸಣಿತಮ್ಮ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಅವರ ಉಳಿಗಳನ್ನು ದಿನದಿನವೂ ಕಾಯಿಸಿ ಬಡಿದು ಮೊನೆಮಾಡಿಕೊಟ್ಟ ಕಮ್ಮಾರರ, ಆ ಕುಲುಮೆಗೆ ಇದ್ದಿಲು ಹೊತ್ತವರ ಹೆಸರುಗಳು ಯಾವ ಪೀಠದಲ್ಲಿಯೂ ಇಲ್ಲ. ಮಲ್ಲಿತಮ್ಮನ ಹೆಸರು ತರೀಕೆರೆಯ ಬಳಿಯ ಅಮೃತಪುರದಲ್ಲಿಯೂ ಕಾಣುವುದರಿಂದ, ಶಿಲ್ಪಿಗಳು ಕೆಲಸವಿದ್ದೆಡೆಗೆ ಸಾಗುತ್ತಿದ್ದವರೆಂದು ಊಹಿಸಬಹುದು. ದಾನದಿಂದ ಒಮ್ಮೆಗೇ ನಿರ್ಮಿತವಾದ ಆ ಪುರವು ಇಂದು ಒಂದು ಹಳ್ಳಿ.

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ ಕುಂಬಾರಿಕೆಯು ದೇವಾಲಯಗಳಿಗಿಂತ ಬಹು ಹಿಂದಿನದು. 1960ರ ಆಸುಪಾಸಿನಲ್ಲಿ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಮಡಕೆಗಳೂ ಶವಸಂಸ್ಕಾರದ ಕುರುಹುಗಳೂ ಅಲ್ಲಿ ದೊರೆತುವು. ಸಂಗಮದ ಊರಿಗೆ ಅಂಬಿಗನಿಲ್ಲದೆ ನಡೆಯದು. ಮೇದರು ಬಿದಿರನ್ನು ಸೀಳಿ ಹೆಣೆದು ಕೊಟ್ಟ ಚೌಕಟ್ಟಿಗೆ ಹದಮಾಡಿದ ತೊಗಲನ್ನು ಹೊದಿಸಿದಾಗ ಅವನ ಹರಿಗೋಲು ನೀರಿಗಿಳಿಯುತ್ತಿದ್ದಿತು. ಆ ತೊಗಲಿನ ಮೇಲೆ ಕುಳಿತು ಹೊಳೆ ದಾಟಿದ ಸಮಾಜವೇ ಅದನ್ನು ಹದಮಾಡಿದವರನ್ನು ಊರ ಹೊರಗೆ ಇರಿಸಿದುದು ಘೋರವಾದ ಅನ್ಯಾಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯರೆಂಬ ನಾಮಗಳು ಪೂಜ್ಯವಾದುದನ್ನು ನೆನೆದಾಗ ಆ ಅನ್ಯಾಯವು ಇನ್ನಷ್ಟು ಚುಚ್ಚುತ್ತದೆ. ನರಸೀಪುರದ ಗುಂಜಾನರಸಿಂಹನ ಐತಿಹ್ಯವು ಮಾತ್ರ ಈ ವಿಷಯದಲ್ಲಿ ಉದಾರವಾದುದು: ಸ್ವಾಮಿಯು ಕನಸಿನಲ್ಲಿ ಕಾಣಿಸಿಕೊಂಡುದು ಒಬ್ಬ ಅಗಸನಿಗೆ, ಇದ್ದುದು ಅವನು ಬಟ್ಟೆಯೊಗೆಯುವ ಕಲ್ಲಿನಡಿಯಲ್ಲಿ, ಕಾಶಿಗೆ ಹೋಗಬಯಸಿದ ಅವನಿಗೆ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಸ್ವಾಮಿಯು ಹೇಳಿದನಂತೆ. ಅಗಸನಿಗೆ ಒಲಿದ ದೈವವು ಅಕ್ಕಸಾಲಿಗನ ತಕ್ಕಡಿಯ ಭಾಷೆಯಲ್ಲಿ ಮಾತನಾಡಿದುದು ನನಗೆ ಅತ್ಯಂತ ಪ್ರಿಯವಾದ ಸಂಗತಿ.

ನಂಜನಗೂಡನ್ನು ತುಂಬಿದವರು ಯಾತ್ರಿಕರು. ಶ್ರೀಕಂಠೇಶ್ವರನು ರೋಗಹರನೆಂಬ ಕೀರ್ತಿಯಿಂದ, ಟಿಪ್ಪುವೇ ಅವನನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿಯಿಂದ, ವರ್ಷವಿಡೀ ಜನ ಬಂದರು. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡಬೇಕಾದರೆ ಗಾಲಿಯ ಬಡಗಿ, ಅಚ್ಚಿನ ಕಮ್ಮಾರ, ಹಗ್ಗ ಹೊಸೆಯುವವರು, ಹೂವಾಡಿಗರು ಎಲ್ಲರೂ ಬೇಕು. 1735ರಲ್ಲಿ ದಳವಾಯಿ ದೇವರಾಜಯ್ಯನು ಕಪಿಲೆಗೆ ಕಟ್ಟಿಸಿದ ಸೇತುವೆಯ ಮೇಲೆ ಗಾಡಿಗಳೂ ಬಂದುವು. ವ್ಯಾಧಿ ಪರಿಹಾರಕ್ಕೆಂದು ಜನ ಸೇರುವ ಊರಿನಲ್ಲಿ ಔಷಧದ ಕಸುಬು ಬೇರೂರಿದುದು ಸಹಜವೇ ಸರಿ, 1913ರಲ್ಲಿ ಬಿ. ವಿ. ಪಂಡಿತರು ಅಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿದರು, ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿಯು ಆ ಊರನ್ನು ಕಣ್ಣಾರೆ ಕಾಣದ ಎಷ್ಟೋ ಕನ್ನಡಿಗರ ಬಚ್ಚಲಮನೆಗಳಿಗೆ ಅದರ ಹೆಸರನ್ನು ಒಯ್ದಿತು.